ಅರ್ಜಿಯೊಳಗೆ ಕನ್ನಡವನ್ನು ಅಡಗಿಸಬೇಕೆ?

ಪದವಿಯ ಅಂತಿಮ ವರ್ಷ ಸಮೀಪಿಸಿದಂತೆ ನಮ್ಮ ವಿಭಾಗದ ಮೇಜಿನ ಮೇಲೆ ಕವಿತೆಗಳಿಗಿಂತ ಅರ್ಜಿಗಳೇ ಹೆಚ್ಚಾಗಿ ಬಂದು ಬೀಳುತ್ತವೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ತರುವ ಆ ಹಾಳೆಗಳಲ್ಲಿನ ಅಂಕ, ವಿಳಾಸ, ಜನ್ಮದಿನಾಂಕಗಳ ಬಗ್ಗೆ ನಾನು ಹೇಳಬೇಕಾದುದು ಏನೂ ಇಲ್ಲ. ‘ನಿಮ್ಮ ಕುರಿತು ಒಂದು ಪುಟ ಬರೆಯಿರಿ’ ಎಂದು ಕೆಲವು ಶಾಲೆಗಳು, ಸ್ವಯಂಸೇವಾ ಸಂಸ್ಥೆಗಳು ಕೇಳುತ್ತವಲ್ಲ, ಆ ಪುಟವೇ ನನ್ನ ಚಿಂತೆಗೆ ಕಾರಣ.

ಕಳೆದ ವರ್ಷ ಮಕ್ತಲ್ ಸಮೀಪದ ಹಳ್ಳಿಯ ವಿದ್ಯಾರ್ಥಿನಿಯೊಬ್ಬಳು ಅಂಥದೊಂದು ಪುಟ ತಂದಿದ್ದಳು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಗಣಿತ ಕಲಿಸುವ ಸಂಸ್ಥೆಯೊಂದಕ್ಕೆ ಸಲ್ಲಿಸುವ ಅರ್ಜಿ ಅದು. ತಾನು ಪರಿಶ್ರಮಿ, ಪ್ರಾಮಾಣಿಕಳು, ಎಲ್ಲರೊಡನೆ ಹೊಂದಿಕೊಳ್ಳುವವಳು ಎಂದೆಲ್ಲ ಬರೆದಿದ್ದಳು. ಅವಳ ಹೆಸರನ್ನು ಅಳಿಸಿ ಬೇರೆ ಯಾರ ಹೆಸರನ್ನು ಬರೆದರೂ ಆ ಪುಟಕ್ಕೆ ಏನೂ ಆಗುತ್ತಿರಲಿಲ್ಲ. ಕನ್ನಡ ಎಂಬ ಪದ ಎಲ್ಲಿಯೂ ಇರಲಿಲ್ಲ. ಕಾರಣ ಕೇಳಿದೆ. ‘ಓದೋರು ಹೈದರಾಬಾದಿನವರು ಸರ್. ಕನ್ನಡ ಓದ್ಯಾಳ ಅಂತ ಕೈಬಿಟ್ರ ಏನ್ ಮಾಡ್ಲಿ?’ ಎಂದಳು.

ಆ ಅಂಜಿಕೆಯನ್ನು ನಾನು ಲಘುವಾಗಿ ಕಾಣಲಾರೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿಯೇ ಇದ್ದವು. ಗೆರೆ ಎಳೆದ ಮೇಲೆ ರಾಯಚೂರು ಮೈಸೂರು ರಾಜ್ಯಕ್ಕೆ ಬಂದಿತು, ಇವೆರಡು ಆಂಧ್ರಕ್ಕೆ ಹೋದವು. ಇಂದು 371ಜೆ ವಿಧಿಯ ಸ್ಥಳೀಯ ಮೀಸಲಾತಿ ರಾಯಚೂರಿನ ಅಭ್ಯರ್ಥಿಗೆ ದೊರೆಯುತ್ತದೆ, ಗದ್ವಾಲದವರಿಗೆ ಇಲ್ಲ. ಅತ್ತ ತೆಲಂಗಾಣದಲ್ಲಿ ಭಾಷಾ ಅಲ್ಪಸಂಖ್ಯಾತರು, ಇತ್ತ ಕರ್ನಾಟಕದಲ್ಲಿ ಹೊರಗಿನವರು. ಇಂಥವರ ಪಾಲಿಗೆ ಪ್ರಮಾಣಪತ್ರ ಹೇಳಲಾರದ್ದನ್ನು ಹೇಳಲು ಉಳಿದಿರುವ ಸ್ಥಳ ಆ ಒಂದು ಪುಟವೇ. ಅಲ್ಲಿಯೂ ಅವರು ತಮ್ಮನ್ನು ಮರೆಮಾಚಿದರೆ ಓದುವವರಿಗೆ ಕಾಣಿಸುವುದಾದರೂ ಏನು?

ಆ ಹುಡುಗಿಯನ್ನು ಕೂರಿಸಿಕೊಂಡು ಮಾತನಾಡಿಸಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಸಂತೆಯಲ್ಲಿ ದಖನಿ ಉರ್ದು. ತೆಲುಗು ಮಾಧ್ಯಮಕ್ಕೆ ಸೇರಿ ಲೆಕ್ಕ ಅರ್ಥವಾಗದೆ ಶಾಲೆಗೆ ಹೋಗಲು ಹಿಂಜರಿಯುತ್ತಿದ್ದ ನೆರೆಮನೆಯ ಆರು ಮಕ್ಕಳಿಗೆ ಅವಳು ಎರಡು ವರ್ಷ, ಸಂಜೆ ಹೊತ್ತು, ಭಿನ್ನರಾಶಿಯನ್ನು ಮೊದಲು ಕನ್ನಡದಲ್ಲಿ ಬಿಡಿಸಿ ಹೇಳಿ, ಅನಂತರ ಅದನ್ನೇ ತೆಲುಗಿನಲ್ಲಿ ಬರೆಸಿದ್ದಳು. ರೊಟ್ಟಿ ಮುರಿದು ತೋರಿಸುತ್ತಿದ್ದಳಂತೆ. ‘ಇದನ್ನು ಯಾಕೆ ಬರೆಯಲಿಲ್ಲ?’ ಎಂದರೆ, ‘ಅದೇನು ಕೆಲಸ ಅಲ್ಲಲ್ರೀ ಸರ್’ ಎಂಬ ಉತ್ತರ ಬಂತು. ಸಂಬಳ ಬಾರದ್ದನ್ನು ಕೆಲಸವೆಂದು ಎಣಿಸದಿರುವುದು ನಮ್ಮ ಹೆಣ್ಣುಮಕ್ಕಳಿಗೆ ಯಾರೋ ಬಹಳ ಹಿಂದೆಯೇ ಕಲಿಸಿದ ಪಾಠ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಇದಕ್ಕೆ ಮಾದರಿಯನ್ನು ಅಂತರಜಾಲದಲ್ಲಿ ಹುಡುಕಬೇಕಾಗಿಲ್ಲ. ಪಂಪನ ತಮ್ಮ ಜಿನವಲ್ಲಭ ಇದೇ ತೆಲಂಗಾಣದ ಕರೀಂನಗರ ಸೀಮೆಯ ಕುರಿಕ್ಯಾಲದ ಬಂಡೆಯ ಮೇಲೆ 10ನೆಯ ಶತಮಾನದಲ್ಲಿ ಬರೆಯಿಸಿದ ಶಾಸನವಿದೆ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಅದರಲ್ಲಿವೆ. ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ ಎಂದು ಮನೆತನವನ್ನು ಹೇಳಿ, ತಾನು ಮಾಡಿಸಿದ್ದನ್ನು ಹೆಸರಿಟ್ಟು ದಾಖಲಿಸಿದ್ದಾನೆ: ತ್ರಿಭುವನತಿಲಕವೆಂಬ ಬಸದಿ, ಅಣ್ಣನ ಬಿರುದನ್ನೇ ಇಟ್ಟ ಕವಿತಾಗುಣಾರ್ಣವವೆಂಬ ಕೆರೆ, ಮದನವಿಲಾಸವೆಂಬ ತೋಟ. ಹೊಗಳಿಕೆ ಅಲ್ಲಿಯೂ ಇದೆ, ಕಾಲಧರ್ಮ. ಆದರೆ ಹೊಗಳಿಕೆಯ ಪಕ್ಕದಲ್ಲಿಯೇ ಕೆರೆಯಿದೆ. ನಮ್ಮ ಅರ್ಜಿಗಳಲ್ಲಿ ಹೊಗಳಿಕೆ ಮಾತ್ರ ಉಳಿದು ಕೆರೆ ಬತ್ತಿಹೋಗಿದೆ. ಮೂರು ಭಾಷೆಗಳ ನಡುವೆ ಬದುಕುವುದನ್ನು ಅವನು ಕೊರತೆಯೆಂದು ಭಾವಿಸಿದ ಸುಳಿವಂತೂ ಆ ಬಂಡೆಯ ಮೇಲಿಲ್ಲ.

ಇನ್ನೊಂದು ದೋಷವನ್ನೂ ಹೇಳಿಬಿಡುತ್ತೇನೆ. ಕೆಲವರು ಇಡೀ ಪುಟವನ್ನು ಬಡತನದ ವರ್ಣನೆಯಿಂದ ತುಂಬಿ ‘ದಯಮಾಡಿ ಅವಕಾಶ ಕರುಣಿಸಬೇಕು’ ಎಂದು ಮುಗಿಸುತ್ತಾರೆ. ಕಷ್ಟವನ್ನು ಬರೆಯಬಾರದೆಂದಲ್ಲ. ನಾರಾಯಣಪೇಟೆಯ ನೇಕಾರರ ಮನೆಯ ಹುಡುಗ ತನ್ನ ಮನೆಯ ಸಾಲವನ್ನು ಹೇಳುವುದಕ್ಕಿಂತ, ನೂಲಿನ ಲೆಕ್ಕವನ್ನೂ ವ್ಯಾಪಾರಿಯ ಬಾಕಿಯನ್ನೂ ತಾನು ಪುಸ್ತಕದಲ್ಲಿ ಹೇಗೆ ಬರೆದಿಡುತ್ತಿದ್ದನೆಂದು ಹೇಳಿದರೆ, ಓದುವವರಿಗೆ ಅವನ ಕಷ್ಟವೂ ತಿಳಿಯುತ್ತದೆ, ಕೈಗೆಲಸವೂ ತಿಳಿಯುತ್ತದೆ. ಭಾಷೆಗಳ ವಿಷಯದಲ್ಲಿಯೂ ಹೀಗೆಯೇ. ಮಾತನಾಡಬಲ್ಲೆನೆ, ಓದಬಲ್ಲೆನೆ, ತಪ್ಪಿಲ್ಲದೆ ಬರೆಯಬಲ್ಲೆನೆ ಎಂಬುದನ್ನು ಬೇರೆಬೇರೆಯಾಗಿ ಹೇಳಬೇಕು. ಸಂತೆಯ ಉರ್ದು ಬಲ್ಲವರೆಲ್ಲ ಉರ್ದು ಲಿಪಿಯನ್ನು ಓದಲಾರರು. ಸಂದರ್ಶನದಲ್ಲಿ ಒಂದು ಹಾಳೆ ಮುಂದಿಟ್ಟರೆ ಸುಳ್ಳು ಅಲ್ಲಿಯೇ ಬಯಲಾಗುತ್ತದೆ.

ಖಾಸಗಿ ಕಂಪನಿಗಳಿಗೆ ಬರೆಯುವಾಗ ಕನ್ನಡದ ಪ್ರಸ್ತಾಪ ಅನಾವಶ್ಯಕವೆಂದು ವಿಭಾಗದ ಸಹೋದ್ಯೋಗಿಯೊಬ್ಬರ ವಾದ. ಕೆಲಸಕ್ಕೆ ಸಂಬಂಧವಿಲ್ಲದಿದ್ದರೆ ಒಪ್ಪುತ್ತೇನೆ. ಆದರೆ ಸಂಬಂಧವಿದೆಯೋ ಇಲ್ಲವೋ ಎಂದು ಯೋಚಿಸುವ ಮೊದಲೇ ಅಳಿಸುವ ಅಭ್ಯಾಸವನ್ನು ಒಪ್ಪಲಾರೆ. ಬ್ಯಾಂಕುಗಳ ಅನೇಕ ನೇಮಕಾತಿಗಳಲ್ಲಿ ಸ್ಥಳೀಯ ಭಾಷೆಯನ್ನು ಶಾಲೆಯಲ್ಲಿ ಓದಿದ ದಾಖಲೆ ಕೇಳುವುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು.

ಆ ವಿದ್ಯಾರ್ಥಿನಿ ಪುಟವನ್ನು ಮೂರು ಸಲ ತಿದ್ದಿದಳು. ಆರು ಮಕ್ಕಳು ಮತ್ತು ರೊಟ್ಟಿಯಿಂದ ಅದು ಆರಂಭವಾಗುತ್ತಿತ್ತು. ಸಂದರ್ಶನಕ್ಕೆ ಕರೆ ಬಂತು. ಭಿನ್ನರಾಶಿಯನ್ನು ಎರಡೂ ಭಾಷೆಗಳಲ್ಲಿ ವಿವರಿಸಲು ಹೇಳಿದರಂತೆ. ಹೆಚ್ಚು ಅನುಭವವಿದ್ದ ಇನ್ನೊಬ್ಬರಿಗೆ ಆ ಕೆಲಸ ದೊರೆಯಿತು. ಈಗ ಅದೇ ಪುಟದ ಕೊನೆಯ ಎರಡು ವಾಕ್ಯಗಳನ್ನು ಬದಲಿಸಿ ರಾಯಚೂರಿನ ಶಾಲೆಯೊಂದಕ್ಕೆ ಕಳುಹಿಸಿದ್ದಾಳೆ.