ಮನೆವಾರ್ತೆ: ಪರದೇಶದ ಹಣಕ್ಕೆ ಸರಿಯಾದ ವಿಳಾಸ

ಕೊಚ್ಚಿಯ ನಮ್ಮ ಸೋದರಿಯೊಬ್ಬರು ದುಬಾಯಿಯ ಮಗನಿಗೆ ಸ್ವಿಫ್ಟ್ ಸಂಕೇತವೆಂದು ಬರೆದು ಕಳುಹಿಸಿದ್ದು ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ. ತಂದೆಯ ಶಸ್ತ್ರಚಿಕಿತ್ಸೆಯ ಹಣ ಹೊರಡಲೇ ಇಲ್ಲ. ತಪ್ಪು ಯಾರಿಗೂ ಆಗುವಂಥದೇ: ಐಎಫ್‌ಎಸ್‌ಸಿಗೆ 11 ಅಕ್ಷರ, ಸ್ವಿಫ್ಟಿಗೆ 8 ಇಲ್ಲವೆ 11. ಐದನೆಯ ಸ್ಥಾನ ನೋಡಿರಿ. ಐಎಫ್‌ಎಸ್‌ಸಿಯಲ್ಲಿ ಅಲ್ಲಿ ಸೊನ್ನೆ. ಸ್ವಿಫ್ಟಿನಲ್ಲಿ ಐದು, ಆರನೆಯವು ದೇಶದ ಗುರುತು, ನಮ್ಮದಕ್ಕೆ ‘ಐ’, ‘ಎನ್’. (ಕೊಲ್ಲಿಯ ಎಕ್ಸ್‌ಚೇಂಜ್ ಅಂಗಡಿಗಳು ಐಎಫ್‌ಎಸ್‌ಸಿಯನ್ನೇ ಕೇಳುವುದೂ ಉಂಟು.)

ಹಳೆಯ ಪಾಸ್‌ಬುಕ್ಕನ್ನಂತೂ ನಂಬಬೇಡಿರಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು. ಅದರ ಐಎಫ್‌ಎಸ್‌ಸಿಗಳು 2021ರ ಜುಲೈ 1ರಿಂದ ಸಲ್ಲದಾದವು. ಸ್ವಿಫ್ಟ್ ಸಂಕೇತವೂ ನಿಂತಿತು. ತಿರುವನಂತಪುರದವರ ಸ್ಟೇಟ್ ಬ್ಯಾಂಕ್ ಆಫ್ ಟ್ರಾವಂಕೂರು 2017ರಲ್ಲೇ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ನಮ್ಮ ಮನೆಗಳ ಪಾಸ್‌ಬುಕ್ಕು ಮಾತ್ರ ದೇವರ ಪಟದ ಹಿಂದೆ ಹಾಗೇ ಇದೆ!

ಎಲ್ಲ ಶಾಖೆಗಳಿಗೂ ಸ್ವಂತ ಸ್ವಿಫ್ಟ್ ಇರುವುದಿಲ್ಲ. ಯಾವ ಶಾಖೆಯದನ್ನು ಕೊಡಬೇಕೆಂದು ನಿಮ್ಮ ಬ್ಯಾಂಕಿನಲ್ಲೇ ಕೇಳಿ, ಬರಹದಲ್ಲಿ ಪಡೆಯಿರಿ. ಸೋದರಿಯವರೊಡನೆ ನಾವೂ ಹೋಗಿ ಹಾಗೆಯೇ ಬರೆಸಿ ತಂದೆವು. ಮಗ ಮರುವಾರ ಕಳುಹಿಸಿದ್ದು ಸೇರಿತು. ಯಜಮಾನರು ಈಗ ಮನೆಯಲ್ಲಿದ್ದಾರೆ.