ಚಟ ಬಿಡಲು ಮನಸ್ಸೊಂದೇ ಸಾಲದು

ಡೆನ್ಮಾರ್ಕಿನ ‘ಪುಷರ್’ ಸಿನಿಮಾ ನಶೆಯನ್ನು ವೈಭವೀಕರಿಸುತ್ತದೆ, ಯಾದಗಿರಿ ಕಡೆಯವರಿಗೆ ಅದರಿಂದ ಕಲಿಯುವುದೇನೂ ಇಲ್ಲ, ಚಟವೆಂದರೆ ಮನೋಬಲದ ಕೊರತೆ ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಮೂರನ್ನೂ ನಾನು ಒಪ್ಪುವುದಿಲ್ಲ.

ನಿಕೋಲಸ್ ವಿಂಡಿಂಗ್ ರೆಫ್ನ್ 1996ರಲ್ಲಿ ಕಡಿಮೆ ದುಡ್ಡಿನಲ್ಲಿ ಮಾಡಿದ ಆ ಚಿತ್ರದಲ್ಲಿ ವೈಭವ ಎಲ್ಲಿದೆ? ಕಥಾನಾಯಕ ಫ್ರ್ಯಾಂಕ್ ಉದ್ದರಿ ತಂದ ಹೆರಾಯಿನ್, ಪೊಲೀಸರು ಬೆನ್ನಟ್ಟಿದಾಗ ಕೆರೆಯ ಪಾಲಾಗುತ್ತದೆ. ಸಾಲ ಉಳಿಯುತ್ತದೆ. ಒಂದು ವಾರದಲ್ಲಿ ಗೆಳೆಯ, ಗೆಳತಿ ಎಲ್ಲರೂ ಕೈತಪ್ಪುತ್ತಾರೆ. ಸಾಲ ತೀರಿಸಲು ಬೆಂಗಳೂರಿಗೆ ಗುಳೆ ಹೋಗುವ ಶಹಾಪುರ, ಸುರಪುರದ ಮಂದಿಗೆ ಈ ಉಸಿರುಗಟ್ಟುವಿಕೆ ಹೊಸದೇ?

ಇನ್ನು ಮನೋಬಲದ ಮಾತು. ನಮ್ಮ ಭಾಗದ ಪಿಡುಗು ಹೆರಾಯಿನ್ ಅಲ್ಲ, ಕ್ಲೋರಲ್ ಹೈಡ್ರೇಟ್ ಬೆರೆಸಿದ ಸೇಂದಿ. ಈ ನಿದ್ದೆಮದ್ದಿಗೆ ಮೈ ಒಗ್ಗಿದರೆ, ದಿಢೀರ್ ಬಿಟ್ಟಾಗ ಕೈಕಾಲು ನಡುಗುತ್ತವೆ, ಫಿಟ್ಸ್ ಬರುತ್ತದೆ, ಭ್ರಮೆ ಹಿಡಿಯುತ್ತದೆ. 2015ರಲ್ಲಿ ಗಡಿಯಾಚೆಯ ತೆಲಂಗಾಣದಲ್ಲಿ ಕಲಬೆರಕೆ ಸೇಂದಿ ತಡೆದಾಗ ಎಷ್ಟೋ ಮಂದಿ ಹೀಗೆಯೇ ಆಸ್ಪತ್ರೆ ಸೇರಿದರು. ಅವರೆಲ್ಲ ಮನೋಬಲ ಇಲ್ಲದವರೇ?

ಬರೀ ನಿಷೇಧದಿಂದಲೂ ಚಟ ಹೋಗುವುದಿಲ್ಲ. 2007ರಲ್ಲಿ ಕರ್ನಾಟಕ ಸಾರಾಯಿ ನಿಷೇಧಿಸಿತು, ಕುಡಿತ ನಿಲ್ಲಲಿಲ್ಲ. ಅದಕ್ಕೇ 2019ರ ಜನವರಿಯಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಮದ್ಯನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು.

ಓದುಗರೇ, ಮನೆಯಲ್ಲಿ ಇಂಥ ಸೇಂದಿಗೆ ಅಂಟಿಕೊಂಡವರಿದ್ದರೆ ಬೈದು ಕೂಡಿಹಾಕಬೇಡಿ. ಮೊದಲು ವೈದ್ಯರ ಬಳಿ ಕರೆದೊಯ್ಯಿರಿ.