ಸಹಿ ಇದೆ, ಹೊಣೆ ಎಲ್ಲಿದೆ? ರೋಣ, ನರಗುಂದ, ಗಜೇಂದ್ರಗಡದ ಒಪ್ಪಂದಗಳನ್ನು ಓದುತ್ತಾ

ಹಿಂಗಾರಿ ಬಿತ್ತನೆ ಮುಗಿದ ಮೇಲೆ ಊರಿಗೆ ಹೋಗಿದ್ದೆ. ಕಾಕಾ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿದ್ದ ಕಾಗದದ ಕಟ್ಟನ್ನು ನನ್ನ ಮುಂದೆ ಇಟ್ಟರು. "ನೀ ಸಾಲಿ ಕಲ್ತಾಕಿ. ಇದ್ರಾಗ ಏನ್ ಐತಿ ಓದಿ ಹೇಳು" ಅಂದರು.

ರೋಣ ತಾಲೂಕಿನ ನಮ್ಮೂರಲ್ಲಿ ಗಾಳಿಯಂತ್ರಕ್ಕೆ ಕೊಟ್ಟ ಎರಡು ಎಕರೆ ಎರೆಹೊಲದ ಗುತ್ತಿಗೆ ಒಪ್ಪಂದ ಅದು. ಮೂವತ್ತು ವರ್ಷದ್ದು. ಪೂರ್ತಿ ಇಂಗ್ಲಿಷಿನಲ್ಲಿದೆ. ಪ್ರತಿ ಪುಟದ ಕೆಳಗೂ ಕಾಕಾನ ಸಹಿ. ಸಹಿ ಮಾಡಿ ಆರು ವರ್ಷವಾದ ಮೇಲೆ ಅದನ್ನು ಓದಿಸುವ ಮನಸ್ಸು ಬಂದಿದ್ದಕ್ಕೆ ಕಾರಣವಿತ್ತು. ಕ್ರೇನ್ ಬರಲೆಂದು ಮಾಡಿದ ರಸ್ತೆಯಿಂದ ಹೊಲದ ಒಡ್ಡು ಒಡೆದಿದೆ. ಮಳೆನೀರು ದಿಕ್ಕು ಬದಲಿಸಿ, ಗುತ್ತಿಗೆಗೆ ಕೊಡದೆ ಉಳಿಸಿಕೊಂಡ ಹೊಲದ ಮಣ್ಣನ್ನೂ ಕೊಚ್ಚಿಕೊಂಡು ಹೋಗಿದೆ. ರಿಪೇರಿ ಯಾರು ಮಾಡಬೇಕು? ರಸ್ತೆ ಮಾಡಿದ ಕಾಂಟ್ರ್ಯಾಕ್ಟರ್ "ಕಂಪನಿಯವರನ್ನ ಕೇಳ್ರಿ" ಅಂದ. ಕಂಪನಿಗೆ ಫೋನ್ ಮಾಡಿದರೆ "ಪ್ರಾಜೆಕ್ಟ್ ಈಗ ಬೇರೆಯವರಿಗೆ ಹೋಗಿದೆ" ಅಂದರು. ಬೇರೆಯವರು "ರಸ್ತೆ ನಾವು ಮಾಡಿದ್ದಲ್ಲ" ಅಂದರು.

ಕೂತು ಓದಿದೆ. ಕಾಕಾ ಏನು ಮಾಡಬೇಕು, ಏನು ಮಾಡಬಾರದು ಎಂಬುದಕ್ಕೆ ಎರಡೂವರೆ ಪುಟ. ಅವಧಿ ಮುಗಿಯುವ ಮುಂಚೆ ಒಪ್ಪಂದ ಮುರಿಯುವಂತಿಲ್ಲ. ಯಂತ್ರದ ಸುತ್ತ ಇಷ್ಟು ಮೀಟರ್ ಒಳಗೆ ಮರ ಹಚ್ಚುವಂತಿಲ್ಲ. ರಸ್ತೆಗೆ ಅಡ್ಡ ಬರುವಂತಿಲ್ಲ. ಕಂಪನಿ ಮಾಡಬೇಕಾದ್ದು ಎರಡೇ: ವರ್ಷಕ್ಕೊಮ್ಮೆ ಬಾಡಿಗೆ ಕೊಡಬೇಕು, ಜಮೀನಿನ ಬಗ್ಗೆ "ಸಮಂಜಸ ಕಾಳಜಿ" ವಹಿಸಬೇಕು. ಸಮಂಜಸ ಅಂದರೆ ಎಷ್ಟು? ಒಡ್ಡು ಕಟ್ಟಿಕೊಡುವುದು ಅದರಲ್ಲಿ ಬರುತ್ತದಾ? ಎಷ್ಟು ದಿನದೊಳಗೆ? ಒಂದಕ್ಕೂ ಉತ್ತರವಿಲ್ಲ.

ಅಂದಿನಿಂದ ನಾನು ಯಾವ ಒಪ್ಪಂದ ಕಂಡರೂ ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಯಾರು ಮಾಡಬೇಕು? ನಿಖರವಾಗಿ ಏನು ಮಾಡಬೇಕು? ಯಾವಾಗಿನೊಳಗೆ? ಮಾಡದಿದ್ದರೆ ಏನು? ಈ ನಾಲ್ಕನ್ನು ಹಿಡಿದು ನಮ್ಮ ಭಾಗದ ಚರಿತ್ರೆ ನೋಡಿದರೆ ಒಂದು ಚಾಳಿ ಕಾಣುತ್ತದೆ. ಬಲ ಇಲ್ಲದವನು ಕೊಡಬೇಕಾದ್ದನ್ನು ಅಂಕಿಯಲ್ಲಿ ಬರೆಯುತ್ತಾರೆ. ಬಲ ಇದ್ದವನು ಮಾಡಬೇಕಾದ್ದನ್ನು ವಿಶೇಷಣದಲ್ಲಿ ಬರೆಯುತ್ತಾರೆ.

ಕಪ್ಪದ ಜಗಳ, ನೀರಿನ ಕರ

ಗಜೇಂದ್ರಗಡದ ಹೆಸರು ಚರಿತ್ರೆ ಪುಸ್ತಕಕ್ಕೆ ಬಂದಿದ್ದೇ ಒಂದು ಒಪ್ಪಂದದಿಂದ. 1787ರಲ್ಲಿ ಟಿಪ್ಪು ಸುಲ್ತಾನ್ ಮತ್ತು ಮರಾಠರ ನಡುವಿನ ಯುದ್ಧ ಮುಗಿಸಿದ ಒಪ್ಪಂದ ಅದು. ಯುದ್ಧಕ್ಕೆ ಕಿಡಿ ಬಿದ್ದಿದ್ದು ಪಕ್ಕದ ನರಗುಂದದಲ್ಲಿ, 1785ರಲ್ಲಿ. ನರಗುಂದದ ದೊರೆ ಮೈಸೂರಿಗೆ ಕಪ್ಪ ಕೊಡಬೇಕಿತ್ತು. ಎಷ್ಟು ಕೊಡಬೇಕು, ಮೈಸೂರು ಅದನ್ನು ತನ್ನಿಚ್ಛೆಯಂತೆ ಏರಿಸಬಹುದೇ ಎಂಬುದರ ಮೇಲೆ ಟಿಪ್ಪುವಿಗೂ ಪುಣೆಯ ನಾನಾ ಫಡ್ನವೀಸನಿಗೂ ತಕರಾರು ಬಿತ್ತು. ಗಜೇಂದ್ರಗಡದ ಶಾಂತಿಯೂ ಬಾಳಲಿಲ್ಲ. ಮೂರೇ ವರ್ಷದಲ್ಲಿ, 1790ರಲ್ಲಿ, ಮರಾಠರು ಈಸ್ಟ್ ಇಂಡಿಯಾ ಕಂಪನಿ ಮತ್ತು ನಿಜಾಮನ ಜೊತೆ ಸೇರಿ ಟಿಪ್ಪುವಿನ ವಿರುದ್ಧ ನಿಂತರು. ಒಪ್ಪಂದ ಮುರಿದವರನ್ನು ಕೇಳುವವರು ಯಾರೂ ಇರಲಿಲ್ಲ.

ಅವು ರಾಜರ ಕಾಲದ ಮಾತು ಅಂತ ಬಿಡಬಹುದು. ಆದರೆ ಅದೇ ನರಗುಂದಕ್ಕೆ 1980ರಲ್ಲಿ ಬನ್ನಿ. ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಬಂದಿತ್ತು, ಕಾಲುವೆ ಬಂದಿತ್ತು. ಸರಕಾರಕ್ಕೂ ರೈತನಿಗೂ ನಡುವೆ ಒಂದು ಅಲಿಖಿತ ಪಾಲುದಾರಿಕೆ ಶುರುವಾಗಿತ್ತು: ಸರಕಾರ ನೀರು ಕೊಡುತ್ತದೆ, ಹೊಲದ ಬೆಲೆ ಏರಿದ್ದಕ್ಕೆ ರೈತ 'ಬೆಟರ್‌ಮೆಂಟ್ ಲೆವಿ' ಕೊಡುತ್ತಾನೆ. ಲೆವಿಗೆ ಎಕರೆ ಲೆಕ್ಕದಲ್ಲಿ ಅಂಕಿ ಇತ್ತು, ನೋಟಿಸ್ ಇತ್ತು, ಜಪ್ತಿಯ ಅಧಿಕಾರವೂ ಇತ್ತು. ಕಾಲುವೆಯ ಕೊನೆ ಹೊಲಕ್ಕೆ ಯಾವ ತಿಂಗಳು ಎಷ್ಟು ನೀರು ಮುಟ್ಟಬೇಕು, ಮುಟ್ಟದಿದ್ದರೆ ಲೆವಿ ಎಷ್ಟು ಕಡಿಮೆಯಾಗಬೇಕು, ಎರೆಮಣ್ಣಿನಲ್ಲಿ ನೀರು ನಿಂತು ಸವಳಾದರೆ ಯಾರು ಹೊಣೆ? ಇವಕ್ಕೆ ಅಂಥ ಗಟ್ಟಿ ಬರಹ ಇರಲಿಲ್ಲ. ನೀರು ಮುಟ್ಟದವನ ಮನೆಗೂ ಲೆವಿ ನೋಟಿಸ್ ಮುಟ್ಟಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಯಿತು, ರೈತರು ಸತ್ತರು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಪ್ರತಿ ವರ್ಷ ಜುಲೈ 21ಕ್ಕೆ ನರಗುಂದದಲ್ಲಿ ಹುತಾತ್ಮರಿಗೆ ಹೂವು ಹಾಕುತ್ತೇವೆ. ಆ ಬಂಡಾಯ ಕೇಳಿದ್ದು ಇದನ್ನೇ: ನಮ್ಮ ಪಾಲಿನ ಹೊಣೆಗೆ ಜಪ್ತಿ ಇದ್ದರೆ, ನಿಮ್ಮ ಪಾಲಿನ ಹೊಣೆಗೆ ಏನಿದೆ?

ಮಹದಾಯಿ: ಪಾಲು ಆಯ್ತು, ಕೆಲಸ ಯಾರದು?

ಆ ಮಲಪ್ರಭೆಗೆ ನೀರು ತುಂಬಿಸಲೆಂದೇ ಕಳಸಾ ಬಂಡೂರಿ ಹೋರಾಟ ನಡೆಯಿತು. 2015ರ ಜುಲೈನಿಂದ ನರಗುಂದದಲ್ಲಿ ಧರಣಿ ಶುರುವಾಯಿತು. 2017ರ ಡಿಸೆಂಬರಿನಲ್ಲಿ ಗೋವಾ ಮುಖ್ಯಮಂತ್ರಿಯಾಗಿದ್ದ ಮನೋಹರ ಪರ್ರೀಕರ್ ಅವರ ಪತ್ರವನ್ನು ಬಿ.ಎಸ್. ಯಡಿಯೂರಪ್ಪ ಹುಬ್ಬಳ್ಳಿಯ ಸಮಾವೇಶದಲ್ಲಿ ಓದಿದರು. ಮಾನವೀಯ ನೆಲೆಯಲ್ಲಿ ಕುಡಿಯುವ ನೀರಿನ ಬಗ್ಗೆ ಮಾತುಕತೆಗೆ ಸಿದ್ಧ ಎಂಬುದು ಅದರ ಸಾರ. ಆದರೆ ಪತ್ರ ಹೋಗಿದ್ದು ಕರ್ನಾಟಕದ ಮುಖ್ಯಮಂತ್ರಿಗೆ ಅಲ್ಲ, ಒಂದು ಪಕ್ಷದ ರಾಜ್ಯಾಧ್ಯಕ್ಷರಿಗೆ. ಎಷ್ಟು ಟಿಎಂಸಿ, ಯಾವಾಗ, ಯಾರು ಯಾವ ಅರ್ಜಿ ಹಿಂಪಡೆಯಬೇಕು, ಏನೂ ಇರಲಿಲ್ಲ. ಪತ್ರ ಬಂತು, ನೀರು ಬರಲಿಲ್ಲ. ಕೆಲವೇ ದಿನದಲ್ಲಿ ರೈತರು ಬೆಂಗಳೂರಿನ ಬಿಜೆಪಿ ಕಚೇರಿ ಮುಂದೆ ಹೋಗಿ ಕೂತರು.

2018ರ ಆಗಸ್ಟ್ 14ರಂದು ನ್ಯಾಯಾಧಿಕರಣದ ತೀರ್ಪು ಬಂತು. ಕರ್ನಾಟಕಕ್ಕೆ 13.42 ಟಿಎಂಸಿ. ಅದರಲ್ಲಿ 8.02 ಟಿಎಂಸಿ ವಿದ್ಯುತ್ ಉತ್ಪಾದನೆಗೆ. ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು 3.9 ಟಿಎಂಸಿ: ಕಳಸಾದಿಂದ 1.72, ಬಂಡೂರಿಯಿಂದ 2.18. 2020ರ ಫೆಬ್ರವರಿಯಲ್ಲಿ ಕೇಂದ್ರ ಅದನ್ನು ಗೆಜೆಟ್‌ನಲ್ಲಿ ಪ್ರಕಟಿಸಿತು. 2022ರ ಡಿಸೆಂಬರಿನಲ್ಲಿ ಯೋಜನಾ ವರದಿಗೆ ಕೇಂದ್ರ ಜಲ ಆಯೋಗದ ಒಪ್ಪಿಗೆ ಸಿಕ್ಕಿತು. ನಂತರ ಅರಣ್ಯ, ವನ್ಯಜೀವಿ ಅನುಮತಿಯ ಬಾಗಿಲಲ್ಲಿ ಅದು ನಿಂತಿತು.

ಕಾಡಿನ ಪ್ರಶ್ನೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಪಶ್ಚಿಮ ಘಟ್ಟದ ಹೊಳೆ ಅದು, ಕೇಳಲೇಬೇಕಾದ ಪ್ರಶ್ನೆಗಳಿವೆ. ಬೇಡ ಎನ್ನುವುದಾದರೆ ಬೇಡ ಅಂತ ಕಾರಣ ಕೊಟ್ಟು ಬರೆಯಲಿ. ನನ್ನ ತಕರಾರು ಇಷ್ಟೇ: ಹಂಚಿಕೆಗೆ ಎರಡು ದಶಮಾಂಶದವರೆಗೆ ಲೆಕ್ಕ ಇದೆ, ಅನುಮತಿ ಕುರಿತು ಇಂಥ ಮಂಡಳಿ ಇಂಥ ದಿನಾಂಕದೊಳಗೆ ಹೌದು ಅಥವಾ ಇಲ್ಲ ಅನ್ನಬೇಕು ಎಂಬ ಸಾಲು ಎಲ್ಲೂ ಇಲ್ಲ. ಹೌದು ಅನ್ನದೆ, ಇಲ್ಲವೂ ಅನ್ನದೆ ಇರುವುದಕ್ಕೆ ಯಾರೂ ಬೆಲೆ ತೆರಬೇಕಿಲ್ಲ.

ಒಪ್ಪಂದದೊಳಗೆ ಇಲ್ಲದವರು

ಹೊಣೆ ಮಸುಕಾಗುವ ಇನ್ನೊಂದು ದಾರಿ, ಬಾಧಿತರನ್ನು ಪಕ್ಷಗಾರರೇ ಅಲ್ಲ ಅನ್ನುವುದು. 2010ರ ಜಾಗತಿಕ ಹೂಡಿಕೆದಾರರ ಸಮಾವೇಶದಲ್ಲಿ ರಾಜ್ಯ ಸರಕಾರ ಮತ್ತು ಕೊರಿಯಾದ ಪೋಸ್ಕೋ ನಡುವೆ ಸುಮಾರು 32 ಸಾವಿರ ಕೋಟಿ ರೂಪಾಯಿಯ ಉಕ್ಕಿನ ಕಾರ್ಖಾನೆಗೆ ತಿಳಿವಳಿಕೆ ಪತ್ರ ಆಯಿತು. ಜಾಗ ನಮ್ಮ ಗದಗ ಜಿಲ್ಲೆಯದೇ, ಮುಂಡರಗಿ ತಾಲೂಕಿನ ಹಳ್ಳಿಗುಡಿ. ಸಹಿ ಎರಡು, ಹೊಲ ಮೂರನೆಯವರದು. 2011ರಲ್ಲಿ ರೈತರು ಎದ್ದರು, ತೋಂಟದ ಸಿದ್ಧಲಿಂಗ ಸ್ವಾಮೀಜಿ ಜೊತೆ ನಿಂತರು, ಭೂಸ್ವಾಧೀನ ನಿಂತಿತು. 2013ರಲ್ಲಿ ಕಂಪನಿಯೇ ಹಿಂದೆ ಸರಿಯಿತು. ಸಾವಿರಾರು ಕೋಟಿಯ ಎಂಒಯು ಅಂತ ಹೆಡ್‌ಲೈನ್ ನೋಡಿ ಶೇರ್ ಮಾಡುವ ಮುಂಚೆ ನೆನಪಿರಲಿ: ಅಂಥ ಬಹುಪಾಲು ಪತ್ರಗಳಲ್ಲಿ ಇರುವುದು ಇರಾದೆ. ಮಾಡದಿದ್ದರೆ ಏನು ಎಂಬ ನಾಲ್ಕನೇ ಪ್ರಶ್ನೆಗೆ ಅಲ್ಲಿ ಉತ್ತರ ಇರುವುದು ಅಪರೂಪ.

ಪಾವಗಡದ ಸೋಲಾರ್ ಪಾರ್ಕ್ ಇದಕ್ಕಿಂತ ಒಳ್ಳೆಯ ಮಾದರಿ. ಅಲ್ಲಿ ಸುಮಾರು 13 ಸಾವಿರ ಎಕರೆಯನ್ನು ಕೊಳ್ಳದೆ 28 ವರ್ಷಕ್ಕೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ರೈತನ ಎದುರು ನಿಂತಿದ್ದು ಸರಕಾರಿ ಸಂಸ್ಥೆ. ಹೀಗಾಗಿ ಕಂಪನಿ ಬದಲಾದರೂ ಬಾಡಿಗೆ ಕೊಡುವವರು ಬದಲಾಗಲಿಲ್ಲ. ಆದರೆ ಅಲ್ಲೂ ಹೊಲ ಇದ್ದವನಿಗಷ್ಟೇ ಕಾಗದ ಸಿಕ್ಕಿತು. ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವರು, ಕುರಿ ಮೇಯಿಸುತ್ತಿದ್ದವರು ಒಪ್ಪಂದದಲ್ಲಿ ಎಲ್ಲೂ ಇಲ್ಲ. ಗಜೇಂದ್ರಗಡದ ಗುಡ್ಡದ ಮೇಲೆ ಯಂತ್ರಗಳ ಸಾಲು ಬೆಳೆಯುವಾಗ ನಮ್ಮ ಕುರಿಗಾಹಿಗಳಿಗೂ ಇದೇ ಪ್ರಶ್ನೆ ಎದುರಾಗುತ್ತದೆ.

ಕಾನೂನು ಏನು ಹೇಳುತ್ತೆ, ಒಪ್ಪಂದ ಏನು ಮಾಡುತ್ತೆ

ಈಗ ಕಾಕಾನ ಒಡ್ಡಿಗೆ ಬರೋಣ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಗುತ್ತಿಗೆ ಕೊಟ್ಟವರ, ಪಡೆದವರ ಹಕ್ಕು-ಹೊಣೆ ಪಟ್ಟಿ ಮಾಡುತ್ತದೆ. ಗುತ್ತಿಗೆ ಪಡೆದವರು ಅದನ್ನು ಬೇರೆಯವರಿಗೆ ವರ್ಗಾಯಿಸಬಹುದು, ಆದರೆ ವರ್ಗಾಯಿಸಿದ ಮಾತ್ರಕ್ಕೆ ಮೊದಲಿನವರ ಹೊಣೆ ಕಳಚುವುದಿಲ್ಲ. ಅವಧಿ ಮುಗಿದಾಗ ಜಮೀನನ್ನು, ಸಹಜ ಸವಕಳಿ ಬಿಟ್ಟು, ಪಡೆದಾಗಿನ ಸ್ಥಿತಿಯಲ್ಲಿ ಮರಳಿಸಬೇಕು. ಚೆನ್ನಾಗಿದೆ ಅಲ್ವಾ? ಆದರೆ ಸೆಕ್ಷನ್ ಶುರುವಾಗುವುದೇ ಒಂದು ಷರತ್ತಿನಿಂದ: ಇದಕ್ಕೆ ವ್ಯತಿರಿಕ್ತವಾದ ಒಪ್ಪಂದ ಅಥವಾ ಸ್ಥಳೀಯ ರೂಢಿ ಇಲ್ಲದಿದ್ದರೆ.

ಕಾಕಾನ ಒಪ್ಪಂದದ ಹದಿನಾಲ್ಕನೇ ಕಲಮು ಇಲ್ಲೇ ಕೆಲಸ ಮಾಡುತ್ತದೆ. ಯೋಜನೆ ಬೇರೆ ಕಂಪನಿಗೆ ಹೋದ ದಿನದಿಂದ ಮೊದಲ ಕಂಪನಿ ಎಲ್ಲ ಬಾಧ್ಯತೆಗಳಿಂದ ಮುಕ್ತ ಎನ್ನುತ್ತದೆ ಅದು. ಹಿಂದಿನ ಹಾನಿ ಹೊಸ ಕಂಪನಿಗೆ ಬರುತ್ತದೆ ಅಂತಲೂ ಬರೆದಿಲ್ಲ. ಕಾನೂನು ಕೊಟ್ಟಿದ್ದನ್ನು ಒಂದು ಸಾಲಿನಲ್ಲಿ ಕಸಿದುಕೊಂಡ ಕಾಗದಕ್ಕೆ ಕಾಕಾ ಸಹಿ ಹಾಕಿದ್ದರು. ಇಂಥ ಯೋಜನೆಗಳನ್ನು ಹಲವು ಸಲ ಆ ಒಂದೇ ಯೋಜನೆಗೆಂದು ಹುಟ್ಟಿಸಿದ ಸಣ್ಣ ಕಂಪನಿಯ ಹೆಸರಲ್ಲಿ ಇಡುತ್ತಾರೆ. ಹೊಣೆ ಆ ಸಣ್ಣ ಕಂಪನಿಯ ಆಸ್ತಿಗೆ ಸೀಮಿತ. ಮೂವತ್ತನೇ ವರ್ಷ ಅದರ ಖಾತೆ ಖಾಲಿ ಇದ್ದರೆ, ನೂರಾರು ಟನ್ನಿನ ಕಾಂಕ್ರೀಟ್ ಬುನಾದಿಯನ್ನು ಹೊಲದಿಂದ ಯಾರು ಕೀಳುತ್ತಾರೆ?

ಇದಕ್ಕೆ ತದ್ವಿರುದ್ಧವಾದ ಮಾದರಿಯೂ ನಮ್ಮ ಜಿಲ್ಲೆಯಲ್ಲೇ ಇದೆ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವನ್ನು ದೇಶದ ಮೊದಲನೆಯದು ಎಂದು ಗುರುತಿಸುತ್ತಾರೆ. 1904ರ ಕಾಯ್ದೆಯ ಪ್ರಕಾರ ಗ್ರಾಮೀಣ ಸಂಘಗಳ ಸದಸ್ಯರಿಗೆ ಇದ್ದಿದ್ದು ಅಪರಿಮಿತ ಹೊಣೆ. ಸಂಘ ಮುಳುಗಿದರೆ ಸದಸ್ಯರೆಲ್ಲರೂ ತೆರಬೇಕು. ಆ ಕಾರಣಕ್ಕೇ ಯಾರು ಎಷ್ಟು ಸಾಲ ತಗೊಂಡರು ಎಂಬುದರ ಮೇಲೆ ಎಲ್ಲರ ಕಣ್ಣೂ ಇರುತ್ತಿತ್ತು. ಕಂಪನಿಗಳು ಅಪರಿಮಿತ ಹೊಣೆ ಹೊರಲಿ ಎಂದು ನಾನು ಕೇಳುತ್ತಿಲ್ಲ. ಹೊಣೆ ಯಾರ ತಲೆಯ ಮೇಲಿದೆ ಎಂಬುದು ಸಹಿ ಹಾಕುವ ದಿನವೇ ಗೊತ್ತಿರಲಿ, ಅಷ್ಟೇ.

ಏನು ಕೇಳಬೇಕು

ಮೊದಲನೆಯದು, ಕನ್ನಡ ಪ್ರತಿ. ಗಾಳಿ, ಸೋಲಾರ್ ಯೋಜನೆಗಳಿಗೆ ಮಂಜೂರಾತಿ ಕೊಡುವ ಕ್ರೆಡಲ್, ಕನ್ನಡದ ಮಾದರಿ ಗುತ್ತಿಗೆ ಒಪ್ಪಂದವನ್ನು ಮಂಜೂರಾತಿಯ ಷರತ್ತಾಗಿಸಬೇಕು. ಎರಡು, ವರ್ಗಾವಣೆಯಾದರೆ ಹಳೆ ಹಾನಿಗೆ ಇಬ್ಬರೂ ಹೊಣೆ ಎಂಬ ಸಾಲು. ಮೂರು, ಯಂತ್ರ ತೆಗೆದು ಹೊಲ ಮೊದಲಿನಂತೆ ಮಾಡುವ ಖರ್ಚು ಶುರುವಿನಿಂದಲೇ ವರ್ಷಕ್ಕಿಷ್ಟು ಠೇವಣಿಯಾಗಬೇಕು, ಕಂಪನಿ ಮುಳುಗಿದರೂ ಆ ದುಡ್ಡು ಮುಳುಗಬಾರದು. ನಾಲ್ಕು, ಒಡ್ಡು, ಹಾದಿ, ಹಳ್ಳಗಳ ಪಟ್ಟಿ ಮತ್ತು ಫೋಟೋ ಒಪ್ಪಂದಕ್ಕೆ ಲಗತ್ತಾಗಬೇಕು, ರಿಪೇರಿಗೆ ದಿನಗಳ ಮಿತಿ ಇರಬೇಕು. ಐದು, ವ್ಯಾಜ್ಯ ಬಂದರೆ ವಿಚಾರಣೆ ಗದಗದಲ್ಲಿ. ಕಾಕಾನ ಒಪ್ಪಂದದಲ್ಲಿ ಅದು ಮುಂಬೈನಲ್ಲಿದೆ. ಕುರಿ, ದನಗಳ ದಾರಿ ಮುಚ್ಚುವುದಿದ್ದರೆ ಗ್ರಾಮಸಭೆಯಲ್ಲಿ ಮೊದಲು ಚರ್ಚೆಯಾಗಬೇಕು.

ಇಷ್ಟೆಲ್ಲ ಕೇಳಿದರೆ ಕಂಪನಿಗಳು ಬೇರೆ ಕಡೆ ಹೋಗುತ್ತವೆ ಎಂಬ ಮಾತು ಊರಲ್ಲೇ ಬರುತ್ತದೆ. ಬರ ಬಿದ್ದ ವರ್ಷ ಆ ಬಾಡಿಗೆಯೇ ಮನೆ ನಡೆಸಿದ್ದನ್ನು ನಾನೂ ನೋಡಿದ್ದೇನೆ, ಹಾಗಾಗಿ ಆ ಭಯವನ್ನು ಹಗುರವಾಗಿ ಕಾಣಲಾರೆ. ಆದರೆ ನಮ್ಮ ಗುಡ್ಡದ ಗಾಳಿಯನ್ನು ಯಾರೂ ಲಾರಿಯಲ್ಲಿ ಒಯ್ಯಲಾರರು. ಒಬ್ಬೊಬ್ಬರೇ ಸಹಿ ಹಾಕುವಾಗ ಈ ಬಲ ನೆನಪಾಗುವುದಿಲ್ಲ. ಊರಿನ ಇಪ್ಪತ್ತು ಮನೆಯವರು ಕೂತು ಒಂದೇ ಕರಡು ಮುಂದಿಟ್ಟರೆ ಮಾತುಕತೆಯ ದಾಟಿ ಬೇರೆಯಾಗುತ್ತದೆ.

ನಾವು ಕೊನೆಗೆ ಎರಡೂ ಕಂಪನಿಗಳಿಗೆ ಒಟ್ಟಿಗೇ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿದ್ದೇವೆ, ಒಡ್ಡಿನ ಫೋಟೋ ಲಗತ್ತಿಸಿ. ಉತ್ತರ ಬಂದಿಲ್ಲ. ಪತ್ರಕ್ಕೆ ಸಹಿ ಹಾಕುವ ಮುಂಚೆ ಕಾಕಾ ಪೆನ್ನು ಹಿಡಿದು ನಿಂತರು. "ಮೊದ್ಲ ಓದು. ಪೂರ್ತಿ ಓದು. ಆಮ್ಯಾಲ ಹಾಕ್ತೀನಿ" ಅಂದರು. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಮನೆಯ ಟ್ರಂಕನ್ನೂ ಒಮ್ಮೆ ತೆಗೆಸಿ ನೋಡಿ.